ಯಾವ ಮಣಿ?

ಮೊದಲ ದಿನವೇ ನಾನು ಆತನಿಗೆ ಬೈದೆ. ಬೈಯುವ ಹಾಗೆಯೇ ಆತ ನಡೆದುಕೊಂಡಿದ್ದ.

ಕೌಶಲ್ಯಾ ಬಶೀರಾಬಾದಿನಿಂದ ನಾರಾಯಣಖೇಡದ ತವರಿಗೆ ಹೆರಿಗೆಗೆಂದು ಬಂದು, ಹೆಣ್ಣು ಕೂಸು ಹಡೆದು ಐದು ದಿನವಾಗಿತ್ತು. ಬಾಣಂತಿಗೂ ಕೂಸಿಗೂ ಎಣ್ಣೆ ತಿಕ್ಕಿ ನೀರು ಹಾಕುವ ಕೆಲಸ ನನ್ನದು. ನಲವತ್ತು ದಿನ, ದಿನಾ ಮುಂಜಾನೆ ಒಂಬತ್ತಕ್ಕೆ. ಅಂಗಳದಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಕುಸುಬಿ ಎಣ್ಣೆ ಸವರುತ್ತಿದ್ದೆ. ಎದುರಿನ ಕಂಬಕ್ಕೆ ಒರಗಿ ಒಬ್ಬ ಬಂದು ಕೂತ. ಹುಬ್ಬಿನವರೆಗೆ ಮೈದಾ ಹಿಟ್ಟು, ಕೈಯಲ್ಲಿ ಚಹಾ. ಚಹಾ ಆರಿ ಹೋಯಿತು, ಆತ ಕುಡಿಯಲಿಲ್ಲ. ನೋಡುತ್ತಲೇ ಇದ್ದ.

“ಏನ್ ನೋಡಾಕತ್ತೀರಿ?” ಅಂದೆ.

“ನಿಮ್ಮ ಮುಂಗೈ.”

ಆಗ ನನಗೆ ಇಪ್ಪತ್ಮೂರು. ಮುಖ ನೋಡುವ ಗಂಡಸರು ಗೊತ್ತಿದ್ದರು, ಜಡೆ ನೋಡುವವರೂ ಗೊತ್ತಿದ್ದರು. ಮುಂಗೈ ನೋಡುವವನನ್ನು ಅಂದೇ ಕಂಡದ್ದು.

“ನೋಡಿದ್ದು ಸಾಕು. ಕೂಸಿಗಿ ದೃಷ್ಟಿ ಆಗ್ತದ, ಆಕಡಿ ಹೋಗ್ರಿ.”

“ನಾ ಕೂಸಿನ್ನ ನೋಡ್ಲಿಲ್ಲರಿ.”

“ಅದಕ್ಕೇ ಹೋಗ್ರಿ ಅಂದಿದ್ದು.”

ಒಳಗಿನಿಂದ ಕೌಶಲ್ಯಾ ಕಿಸಕ್ಕನೆ ನಕ್ಕಳು. “ಬೈಸ್ಕೊಂಡ್ಯಾ ಅಣ್ಣಾ? ಈ ಮಣಿ ಅಂದ್ರ ಹಂಗೇ ನೋಡು.”

ಆತ ಎದ್ದ. ಎದ್ದವನು ಹೋಗಲಿಲ್ಲ. ಯಾರಿಗೂ ಕೇಳದ ಹಾಗೆ, “ಬಲಗೈ ನೋಯ್ತದಲ್ಲರಿ ನಿಮ್ದು?” ಅಂದ.

ಕೂಸಿನ ಹೊಟ್ಟೆಯ ಮೇಲೆ ನನ್ನ ಕೈ ನಿಂತುಬಿಟ್ಟಿತು.

ನೋಯುತ್ತಿತ್ತು. ಎರಡು ವರ್ಷದಿಂದ. ಬಳೆ ಕೂರುವ ಜಾಗದಲ್ಲಿ, ಬಿಸಿನೀರಿನ ತಂಬಿಗೆ ಎತ್ತುವಾಗ ಮೊದಮೊದಲು ಚುಳುಕ್ ಅನ್ನುತ್ತಿತ್ತು. ಆಮೇಲೆ ಬಟ್ಟೆ ಹಿಂಡುವಾಗ, ಬಾಗಿಲ ಚಿಲಕ ತೆಗೆಯುವಾಗ, ಕಡೆಗೆ ತಲೆ ಬಾಚುವಾಗಲೂ. ಹಳೆ ಸೀರೆಯ ಚೂರನ್ನು ಬಳೆಯ ಕೆಳಗೆ ಬಿಗಿಯಾಗಿ ಸುತ್ತಿಕೊಂಡು, ಕೇಳಿದವರಿಗೆ ಬಳೆ ಸಡಿಲ ಆಗ್ಯಾವ ಅನ್ನುತ್ತಿದ್ದೆ. ಊರಿಗೆ ಗೊತ್ತಾದರೆ ನನ್ನ ಕಥೆ ಮುಗಿಯಿತು. ಕೈ ಹೋದವಳನ್ನು ತಿಕ್ಕಲು ಯಾರು ಕರೆಯುತ್ತಾರೆ?

ಅದಕ್ಕಿಂತ ದೊಡ್ಡ ಹೆದರಿಕೆ ಮನೆಯಲ್ಲೇ ಇತ್ತು. ನನ್ನ ಆಯಿ ಸಾಯಮ್ಮ, ಅವ್ವನ ಅವ್ವ. ನನ್ನನ್ನು ಸಾಕಿದವಳೂ ಅವಳೇ, ಕೆಲಸ ಕಲಿಸಿದವಳೂ ಅವಳೇ. ಊರಿನ ಅರ್ಧ ಹೆಂಗಸರ ಬೆನ್ನು ಅವಳ ಕೈಯಲ್ಲಿ ನೆಟ್ಟಗಾಗಿತ್ತು. ಸಾಯಮ್ಮನ ಕೈ ಬಂಗಾರ ಅಂತ ಜನ ಹೊಗಳುತ್ತಿದ್ದರು. ಆ ಬಂಗಾರದ ಕೈಗೆ ಈಗ ಚಹಾದ ಕಪ್ಪು ಹಿಡಿಯಲು ಬರುತ್ತಿರಲಿಲ್ಲ. ಕುಬಸದ ಗುಂಡಿ ನಾನು ಹಾಕುತ್ತಿದ್ದೆ, ಅನ್ನ ನಾನು ಕಲಸಿ ಉಣಿಸುತ್ತಿದ್ದೆ. ನಮ್ಮ ಕೆಲಸದವರ ಕೈ ಕಡೆಗೆ ಹೀಗೇ ಆಗುವುದು ಅಂತ ಇಬ್ಬರೂ ಒಪ್ಪಿಕೊಂಡು ಬಿಟ್ಟಿದ್ದೆವು.

ಎರಡು ಸಂಬಂಧ ಬಂದಿದ್ದವು. ಒಬ್ಬನ ಕಿವಿ ದೊಡ್ಡವು ಅಂದೆ, ಇನ್ನೊಬ್ಬನ ಊರಲ್ಲಿ ನೀರಿಲ್ಲ ಅಂದೆ. ಖರೇ ಮಾತು ಬೇರೆ ಇತ್ತು. ಹತ್ತು ವರ್ಷದಲ್ಲಿ ನನ್ನ ಕೈಯೂ ಆಯಿಯ ಕೈಯಾಗುತ್ತದೆ. ಒಬ್ಬರ ಮನೆಯಲ್ಲಿ ಇನ್ನೊಬ್ಬರ ತುತ್ತಿಗೆ ಬಾಯಿ ತೆರೆದು ಕೂರುವುದು ನನಗೆ ಬೇಡವಾಗಿತ್ತು.

ಇದೆಲ್ಲ ಆ ಹಿಟ್ಟಿನ ಹುಬ್ಬಿನವನಿಗೆ ಹೇಗೆ ಗೊತ್ತಾಗಬೇಕು? “ನನ್ನ ಕೈ ಚಲೋ ಅದ. ನಿಮ್ಮ ಚಹಾ ಆರ್ಯದ, ಕುಡೀರಿ” ಅಂದೆ.

ಆತನ ಹೆಸರು ತುಳಸಿರಾಮ. ಬಸ್‌ಸ್ಟ್ಯಾಂಡಿನ ಪಕ್ಕದ ಬೇಕರಿಯಲ್ಲಿ ಪಾವು, ಬನ್ನು, ಖಾರಿ ಮಾಡುವವನು. ನಸುಕಿನಲ್ಲಿ ಭಟ್ಟಿ ಹೊತ್ತಿಸಿದರೆ ಒಂಬತ್ತಕ್ಕೆ ಕೆಲಸ ಮುಗಿಸಿ ಮನೆಗೆ ಬರುವುದು. ಸರಿಯಾಗಿ ನಾನು ಬರುವ ಹೊತ್ತಿಗೆ. ಇದಕ್ಕೆ ಯಾರದೂ ತಪ್ಪಿಲ್ಲ.

ಮರುದಿನ ಆತ ಚಹಾ ತರಲಿಲ್ಲ. ಪರಾತದಲ್ಲಿ ಒಂದು ಉಂಡೆ ಹಿಟ್ಟು ತಂದು ನನ್ನ ಮುಂದಿಟ್ಟ.

“ಇದನ್ನ ಜರಾ ನಾದ್ರಿ.”

“ನಾ ಬೇಕರಿ ಕೆಲ್ಸಕ್ಕ ಬಂದಿಲ್ಲ.”

“ಎರಡು ಸಲ ನಾದ್ರಿ ಸಾಕು. ಆಮ್ಯಾಲ ಬೈರಿ. ಬೈಸ್ಕೊಳ್ಳಾಕೇ ಬಂದೀನಿ.”

ನಾದಿದೆ. ಎರಡನೇ ಸಲಕ್ಕೆ ಮುಂಗೈ ಚುಳುಕ್ ಅಂತು, ಹಲ್ಲು ಕಚ್ಚಿದೆ. ಆತ ನಗಲಿಲ್ಲ. ನಕ್ಕಿದ್ದರೆ ಪರಾತ ಎತ್ತಿ ಒಗೆಯುತ್ತಿದ್ದೆ.

“ನೋಡ್ರಿ, ಮುಂಗೈ ಮಡಚಿ ಒತ್ತೀರಿ. ಮೈ ಎಲ್ಲಾ ಆರಾಮ ಕುಂತದ, ಒಂದೇ ಮುಂಗೈ ದುಡೀತದ.” ಆತ ಮೊಣಕಾಲೂರಿ, ತೋಳು ನೆಟ್ಟಗೆ ಮಾಡಿ, ಇಡೀ ಮೈಯನ್ನು ಮುಂದಕ್ಕೆ ಬಾಗಿಸಿದ. ಬಲ ಹಾಕಿದ ಹಾಗೇ ಕಾಣಲಿಲ್ಲ, ಹಿಟ್ಟು ಮಾತ್ರ ಹೇಳಿದ ಮಾತು ಕೇಳಿತು. “ಒತ್ತೋದು ಟೊಂಕರಿ. ಕೈ ಬರೇ ಟಪ್ಪಾಲು ಒಯ್ಯೋದು.”

“ಬಾಣಂತಿ ಮೈ ಹಿಟ್ಟಲ್ಲ.”

“ಅಲ್ಲರಿ. ಆದ್ರ ನಿಮ್ಮ ಮುಂಗೈ, ನನ್ನ ಮುಂಗೈ ಒಂದೇ ಜಾತಿ ಎಲುಬು.” ಅಂಗಿಯ ಕಿಸೆಯಿಂದ ಬಿದಿರಿನ ಸಣ್ಣ ಪಟ್ಟಿ ತೆಗೆದ. ಅಂಚು ನುಣ್ಣಗೆ ಕೆರೆದಿತ್ತು, ಕಟ್ಟಲು ಮೈದಾ ಚೀಲದ ಬಟ್ಟೆಯ ಲಾಡಿ. “ಜಹೀರಾಬಾದಿನ್ಯಾಗ ಕೆಲ್ಸ ಕಲಿಸಿದ ನಮ್ಮ ಉಸ್ತಾದರು ಮೂರು ತಿಂಗಳು ಇಂಥಾದ್ದು ಕಟ್ಟಿ ಹಿಟ್ಟು ನಾದ್ಸಿದ್ರು. ಮುಂಗೈ ಮಡಚಿದ್ರ ಚುಚ್ತದ. ಚುಚ್ಚಿದಾಗೆಲ್ಲ ಕೈ ತಾನೇ ನೆಟ್ಟಗಾಗ್ತದ. ನಿಮ್ದು ಸಣ್ಣ ಮುಂಗೈ ಅಂತ ಸಣ್ಣದು ಕೆತ್ತೀನಿ.”

“ಸಣ್ಣದು ಅಂತ ಹೆಂಗ್ ಗೊತ್ತಾತು?”

“ನಿನ್ನೆ ನೋಡಿದ್ನಲ್ಲರಿ. ಅದಕ್ಕೇ ಬೈದ್ರಿ.”

ಪಟ್ಟಿಯನ್ನು ನನ್ನ ಕೈಗೆ ಕೊಡಲಿಲ್ಲ, ನೆಲದ ಮೇಲಿಟ್ಟು ಸರಿದು ಕೂತ. ಕಟ್ಟಿದವಳು ಕೌಶಲ್ಯಾ, ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಟ್ಟು. ಅವಳು ಗಂಟು ಹಾಕುವಷ್ಟು ಹೊತ್ತೂ ಆತ ಆಕಾಶ ನೋಡುತ್ತಿದ್ದ. ಆಕಾಶದಲ್ಲಿ ಒಂದು ಕಾಗೆಯೂ ಇರಲಿಲ್ಲ.

ಸೀರೆಯ ಚೂರಿನ ಕೆಳಗೆ ಮುಚ್ಚಿಟ್ಟ ಆ ಪಟ್ಟಿ ಎಷ್ಟು ಸಲ ಚುಚ್ಚಿತೋ ಲೆಕ್ಕವಿಲ್ಲ. ಆದರೆ ವಾರದೊಳಗೆ ಕೂಸಿಗೆ ತಿಕ್ಕುವಾಗ ನೋವು ಅರ್ಧವಾಯಿತು. ಹೆಬ್ಬೆರಳಿನಿಂದ ತಿವಿಯುವ ಕಡೆ ಅಂಗೈ ಬುಡ ಊರುವುದು ಕಲಿತೆ. ಎಡಗೈಗೂ ಪಾಲು ಕೊಟ್ಟೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ದಾರಿಯಲ್ಲಿ ಬೆರಳು ಬಿಚ್ಚಿ, ಮುಚ್ಚಿ, ಕೈ ಕೊಡವುವುದು ರೂಢಿಯಾಯಿತು. ಕಂಬದ ಬದಿಯಿಂದ ಆತ ಎಲ್ಲ ನೋಡುತ್ತಿದ್ದ, ಕಣ್ಣು ಮುಚ್ಚಿ ಕೇಳುತ್ತಲೂ ಇದ್ದ.

“ಈಗ ಬಲಗೈ ಕಳ್ಳತನ ಮಾಡ್ತು. ಸಪ್ಪಳ ಸಣ್ಣಾತು.”

“ನಿಮಗ ಮನ್ಯಾಗ ಕೆಲ್ಸ ಇಲ್ಲೇನ್ರಿ?”

“ಇದೇ ಕೆಲ್ಸ ಮಾಡಾಕತ್ತೀನಲ್ಲರಿ.”

ನಗು ಬರದ ಹಾಗೆ ನಾನು ಕೂಸಿನ ಮುಖ ನೋಡುತ್ತಿದ್ದೆ. ಆ ಕೂಸು ಮಾತ್ರ ನನ್ನ ಮುಖ ನೋಡಿ ಬೊಚ್ಚುಬಾಯಿ ಅಗಲಿಸುತ್ತಿತ್ತು.

ಕೂಸಿಗೆ ತಿಕ್ಕುವುದು ಸುಲಭವಾಯಿತು, ಬಾಣಂತಿಗೆ ಆಗಲಿಲ್ಲ. ತೊಡಕು ಇದ್ದದ್ದು ಮಣಿಯಲ್ಲಿ. ಬೇರೆ ಕಡೆಯವರು ಮಣೆ ಅನ್ನುವುದಕ್ಕೆ ನಮ್ಮ ಕಡೆ ಮಣಿ ಅನ್ನುತ್ತೇವೆ. ಬಾಲಮಣಿಯಾದ ನನ್ನನ್ನೂ ಎಲ್ಲರೂ ಕರೆಯುವುದು ಮಣಿ ಅಂತಲೇ. ಕೌಶಲ್ಯಾಳ ಅವ್ವ ಚಂದ್ರಾಬಾಯಿ, ನಾನು ಚಿಕ್ಕಮ್ಮನ ಹಾಗೆ ಕಾಕೂ ಅನ್ನುತ್ತಿದ್ದೆ, ದಿನಾ ಕೂಗುವುದು ಹೀಗೆ: “ಮಣೀ, ಆ ಮಣಿ ಬಚ್ಚಲಕ್ಕ ತಗೊಂಡ್ ಹೋಗವ್ವಾ.” ಆ ಪುಟ್ಟ ಮಣಿಯ ಮೇಲೆ ಬಾಣಂತಿ ಕೂತರೆ ನಾನು ಹಿಂದೆ ಕುಕ್ಕರಗಾಲಲ್ಲಿ ಕೂತು ಬೆನ್ನು ಒತ್ತಬೇಕು. ಹಾಗೆ ಕೂತವಳಿಗೆ ಟೊಂಕದ ಬಲ ಎಲ್ಲಿಂದ ಬರಬೇಕು? ಮುಂಗೈ ಮಡಚಲೇಬೇಕು, ಪಟ್ಟಿ ಚುಚ್ಚಲೇಬೇಕು.

ಇದನ್ನು ಆತನಿಗೆ ಹೇಳಿದ್ದೇ ತಪ್ಪಾಯಿತು. ಆತ ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡ.

“ಒಂದ್ಸಲ ಈ ಕಂಬದ ಬಾಜೂಕ ಮೊಣಕಾಲೂರಿ ನಿಂದರ್ರಿ. ಕೈ ಸಡಿಲ ಬಿಡ್ರಿ. ಮುಟ್ಟಿಗಿ ಹಿಡೀರಿ.”

“ಯಾಕಂತ?”

“ಬೈಕೊಂತ ನಿಂತ್ರೂ ನಡೀತದ.”

ಬೈಯುತ್ತಲೇ ನಿಂತೆ. ನನ್ನ ಮುಷ್ಟಿ ಎಲ್ಲಿಗೆ ಬಂತೋ ಅಲ್ಲಿ ಕಂಬದ ಮೇಲೆ ಹಿಟ್ಟಿನ ಬೆರಳಿನಿಂದ ಒಂದು ಬಿಳಿ ಬೊಟ್ಟು ಇಟ್ಟ. ಬೊಟ್ಟು ನೋಡಿದ, ಆಮೇಲೆ ನನ್ನನ್ನು ನೋಡಿದ. ಈ ಸಲ ಮುಂಗೈ ಅಲ್ಲ. ಕಣ್ಣಿಗೆ ಕಣ್ಣು ಸಿಕ್ಕಿತು, ಇಬ್ಬರೂ ಬೇಗ ಬಿಡಿಸಿಕೊಳ್ಳಲಿಲ್ಲ. ಆ ದಿನ ಮನೆಗೆ ಹೋಗುವಾಗ ಕೈ ಕೊಡವುವುದನ್ನೂ ಮರೆತೆ.

ಎರಡು ದಿನ ಕಳೆದು ಚಂದ್ರಾಬಾಯಿ ಕಾಕು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದಳು. ಕೈಯಲ್ಲಿ ಕುಬಸದ ಖಣ, ತೆಂಗಿನಕಾಯಿ. ಕಳಿಸಿಕೊಡುವಾಗ ಕೊಡುವ ಮರ್ಯಾದೆ ಅದು. ನಲವತ್ತರಲ್ಲಿ ಇನ್ನೂ ಹದಿನೆಂಟೇ ದಿನ ಆಗಿತ್ತು.

“ನಾಳಿಂದ ಬರಬ್ಯಾಡವ್ವಾ ಮಣೀ. ಬ್ಯಾಸರ ಮಾಡ್ಕೋಬ್ಯಾಡ.”

“ಯಾಕ ಕಾಕೂ? ಏನ್ ತಪ್ಪಾತು?”

“ನಮ್ಮ ತುಳಸ್ಯಾ ಹೇಳಿ ಹೋಗ್ಯಾನ. ಈ ಮಣಿ ಬ್ಯಾಡವ್ವಾ, ಮುಂಗೈ ಕೆಡ್ತದ, ಬದಲ್ ಮಾಡ್ಬೇಕು, ಜಹೀರಾಬಾದಿಂದ ಹೊಸಾದು ತರ್ತೀನಿ ಅಂದ. ಅಂದವ್ನೇ ಬಸ್ ಹತ್ಯಾನ.” ಕಾಕು ಖಣವನ್ನು ನನ್ನ ಕೈಗೆ ಒತ್ತಿದಳು. “ನಿನ್ನ ಕೈ ನೋಯ್ತದಂತಲ್ಲ, ನನಗ ಹೇಳ್ಲೇ ಇಲ್ಲ ನೀ.”

ಹೇಗೆ ಮನೆ ಮುಟ್ಟಿದೆನೋ ಗೊತ್ತಿಲ್ಲ. ಯಾರಿಗೂ ಹೇಳದ ಗುಟ್ಟನ್ನು ಆತ ತಿಳಿದುಕೊಂಡ, ಮದ್ದು ಮಾಡಿದ ಹಾಗೆ ಮಾಡಿದ, ಕಡೆಗೆ ಅದನ್ನೇ ಅವ್ವನಿಗೆ ಹೇಳಿ ನನ್ನನ್ನು ಬಿಡಿಸಿದ. ಮೇಲಾಗಿ ಹೊಸಬಳನ್ನು ತರಲು ತಾನೇ ಜಹೀರಾಬಾದಿಗೆ ಹೋಗಿದ್ದಾನೆ! ಅವಳ ಮುಂಗೈಯೂ ಸಣ್ಣದಿರಬೇಕು. ಕೆಲಸ ಹೋದದ್ದಕ್ಕೆ ಅರ್ಧ ಅತ್ತೆ, ಆತನಿಗೆ ಇನ್ನರ್ಧ. ಆಯಿ ನನ್ನ ಕಣ್ಣೊರೆಸಲು ಬಂದಳು. ಬೆರಳು ಬಗ್ಗಲಿಲ್ಲ, ಕೈಯ ಹಿಂಬದಿಯಿಂದ ಒರೆಸಿದಳು. ಅದನ್ನು ಕಂಡು ಇನ್ನಷ್ಟು ಅತ್ತೆ.

ಮೂರು ದಿನದಲ್ಲಿ ಸುದ್ದಿ ಊರೆಲ್ಲ ತಿರುಗಿತು. ತಿರುಗಿಸಿದವಳು ಕಾಕುವಿನ ನೆರೆಮನೆಯ ಮೈಸಮ್ಮ. ಬಾವಿಯ ಹತ್ತಿರ ಸಿಕ್ಕಿ, “ಕೈ ಹೋಗ್ಯದಂತಲ್ಲೇ ನಿಂದು, ಇಷ್ಟ್ ಸಣ್ ವಯಸ್ಸಿಗೇ?” ಅಂದಳು. ಎರಡು ಮನೆಯವರು ಬರಬೇಡ ಅಂತ ಹೇಳಿ ಕಳಿಸಿದರು.

ನಾಲ್ಕನೇ ದಿನ ಮಧ್ಯಾಹ್ನ ಬಸ್‌ಸ್ಟ್ಯಾಂಡಿನ ಮುಂದೆ ಹಾದು ಬರುತ್ತಿದ್ದೆ. ಜಹೀರಾಬಾದ್ ಬಸ್ಸು ನಿಂತಿತು. ತುಳಸಿರಾಮ ಇಳಿದ. ಆತನ ಹಿಂದೆ ಯಾರು ಇಳಿಯುತ್ತಾರೆ ಅಂತ ನೋಡಿದೆ. ಒಬ್ಬ ಮುದುಕ ಇಳಿದ, ಒಂದು ಕೋಳಿಬುಟ್ಟಿ ಇಳಿಯಿತು. ಹೆಂಗಸು ಇಳಿಯಲಿಲ್ಲ. ಸುಮ್ಮನೆ ಹೋಗಬೇಕಿತ್ತು. ಕಾಲು ಹೋಗಲಿಲ್ಲ, ಬಾಯಿ ಸುಮ್ಮನಿರಲಿಲ್ಲ.

“ಹೊಸಾದು ತರಾಕ ಹೋಗಿದ್ರಂತ. ಎಲ್ಲದರಿ?”

ಆತನ ಮುಖ ಅರಳಿತು. ಆ ಅರಳಿದ ಮುಖ ಕಂಡು ನನಗೆ ಮೈಯೆಲ್ಲ ಉರಿಯಿತು.

“ಅವ್ವ ಹೇಳಿದ್ಳೇನು? ಮ್ಯಾಲದರಿ, ಬಸ್ಸಿನ ಮ್ಯಾಲ.”

“ಬಸ್ಸಿನ ಮ್ಯಾಲ?”

“ಒಳಗ ಹಿಡೀಲಿಲ್ಲ. ಭಾಳ ಅಗಲ ಅದ. ಇಳಸಾಕ ಮೂರು ಮಂದಿ ಬೇಕು.”

“ಅಷ್ಟ್ ದಪ್ಪ ಅದಾಳೇನ್ರಿ?” ಅಂದೆ. ಅಳುವಿನ ನಡುವೆಯೂ ಸ್ವಲ್ಪ ಸಮಾಧಾನವಾದದ್ದು ಸುಳ್ಳಲ್ಲ.

“ಯಾರು?”

“ಹೊಸಾಕಿ!”

ಅಷ್ಟರಲ್ಲಿ ಬಸ್ಸಿನ ಮೇಲಿನಿಂದ ಹಗ್ಗ ಬಿಚ್ಚಿ ಒಂದು ಹಲಗೆಯನ್ನು ಕೆಳಗೆ ಜಾರಿಸಿದರು. ಆಳುದ್ದದ ಸಾಗವಾನಿ ಹಲಗೆ, ಎಷ್ಟೋ ವರ್ಷದ ಡಾಲ್ಡಾ ಕುಡಿದು ಕರ್ರಗೆ ಮಿನುಗುತ್ತಿತ್ತು. ಕೆಳಗೆ ಹೊಸದಾಗಿ ಬಡಿದ ಗೇಣುದ್ದದ ನಾಲ್ಕು ಕಾಲು.

“ಉಸ್ತಾದರ ಹಿಟ್ಟಿನ ಹಲಗಿರಿ. ಕಾಡಿ ಬೇಡಿ ತಂದೀನಿ. ಬಾಣಂತಿ ಇದರ ಮ್ಯಾಲ ಮಲಗ್ಬೇಕು, ನೀವು ಬಾಜೂಕ ಮೊಣಕಾಲೂರ್ಬೇಕು. ಆ ಬೊಟ್ಟಿನ ಅಳತಿಗೇ ಕಾಲು ಕಡಸೀನಿ, ಮಲಗಿದಾಕಿ ಬೆನ್ನು ನಿಮ್ಮ ಮುಟ್ಟಿಗಿಗಿ ಸರೀ ಬರ್ತದ. ಮುಂಗೈ ಮಡಚೋ ಮಾತೇ ಇಲ್ಲ.” ಒಂದೇ ಉಸಿರಿಗೆ ಹೇಳಿ, ಆಮೇಲೆ ನನ್ನ ಮುಖ ನೋಡಿದ. “ಯಾಕ ಅಳಾಕತ್ತೀರಿ?”

“ಈ ಮಣಿ ಬ್ಯಾಡ ಅಂದ್ರಂತಲ್ಲ ನೀವು. ಕಾಕು ನನ್ನ ಬಿಡಸ್ಯಾಳ. ಊರಾಗ ಎಲ್ಲಾರೂ ನನ್ನ ಕೈ ಹೋಗ್ಯದ ಅಂತಾರ.”

ಆತನಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ತಿಳಿದ ಮೇಲೆ ಹಲಗೆಯ ಮೇಲೆ ಕುಸಿದು ಕೂತುಬಿಟ್ಟ.

“ನಾ ಅಂದಿದ್ದು ಬಚ್ಚಲದಾಗಿನ ಮಣಿರಿ! ಕಟಗೀದು!”

ತಪ್ಪು ಆತನದೊಬ್ಬನದಲ್ಲ, ನಮ್ಮ ಮಾತಿನದೂ ಹೌದು. ನಮ್ಮ ಕಡೆ ‘ಆಕಿ’ ಅನ್ನುವ ಹುಡುಗಿಯನ್ನೇ ಸಲಿಗೆಯಲ್ಲಿ ‘ಅದು’ ಅನ್ನುವುದೂ ಉಂಟು, ಹಲಗೆಯೂ ‘ಅದು’. ಹೊಸಾದು ತರ್ತೀನಿ ಅಂದರೆ ಅವ್ವನಾದರೂ ಏನು ತಿಳಿಯಬೇಕು? ಪಾಪ, ಅವಳು ಹೊಸಬಳಿಗಾಗಿ ಒಳಕೋಣೆ ಸಾರಿಸಿ ಚಾಪೆ ಹಾಸಿಟ್ಟಿದ್ದಳಂತೆ. ಮಗ ಹಲಗೆ ಹೊರಿಸಿಕೊಂಡು ಬಂದಾಗ, “ಆಕಿ ಎಲ್ಲೋ?” ಅಂತ ಬೀದಿಯ ತುದಿಯವರೆಗೆ ಇಣುಕಿದಳಂತೆ. ವಿಷಯ ತಿಳಿದ ಮೇಲೆ ತಲೆಯ ಮೇಲೆ ಸೆರಗು ಹೊದ್ದು ತಾನೇ ನಮ್ಮ ಮನೆಗೆ ಬಂದಳು.

“ನಡಿಯವ್ವಾ ಮಣೀ. ನನ್ನ ಕಿವಿಗಿ ಏನ್ ಬಡದಿತ್ತೋ!”

“ಬರ್ತೀನಿ ಕಾಕೂ. ಆದ್ರ ಮೊದಲ ಮೈಸಮ್ಮಕ್ಕನ್ನ ಕರಸ್ರಿ. ಆಕಿ ಬೆನ್ನು ಭಾಳ ದಿನದಿಂದ ಹಿಡದದಲ್ಲ.”

ಹೊಸ ಮಣಿಯ ಮೇಲೆ ಮೊದಲು ಮಲಗಿದವಳು ಮೈಸಮ್ಮ. ಒಳಕೋಣೆಯಲ್ಲಿ ಓಣಿಯ ಹೆಂಗಸರು ಸುತ್ತ ಕೂತಿದ್ದರು, ನನ್ನ ಕೈ ನಿಜಕ್ಕೂ ಹೋಗಿದೆಯೋ ನೋಡಲು. ಮೊಣಕಾಲೂರಿದೆ. ತೋಳು ನೆಟ್ಟಗಿತ್ತು, ಅಂಗೈ ಬುಡ ಅವಳ ಬೆನ್ನಿಗೆ ಸರಿಯಾಗಿ ಕೂತಿತು. ಟೊಂಕದಿಂದ ಬಾಗಿದೆ. ಬಲ ನನ್ನ ಕೈಯೊಳಗಿಂದ ಹಾದುಹೋಯಿತು, ಅಲ್ಲಿ ನಿಲ್ಲಲಿಲ್ಲ. ಪಟ್ಟಿ ಒಂದು ಸಲವೂ ಚುಚ್ಚಲಿಲ್ಲ. ಮೈಸಮ್ಮ ಮೊದಲು “ಅಯ್ಯವ್ವಾ” ಅಂದಳು, ಆಮೇಲೆ “ಹಾಂ” ಅಂದಳು, ಆಮೇಲೆ ಏನೂ ಅನ್ನಲಿಲ್ಲ. ಗೊರಕೆ ಕೇಳಿಸಿತು. ಸುದ್ದಿ ಹರಡಿದ ಬಾಯಿಯೇ ಸಂಜೆಯೊಳಗೆ ಊರೆಲ್ಲ ಬೇರೆ ಸುದ್ದಿ ಹೇಳಿಬಂತು.

ಬಿಟ್ಟ ಮನೆಯವರು ಮತ್ತೆ ಕರೆದರು. ಎಲ್ಲರಿಗೂ ಹೂಂ ಅನ್ನಲಿಲ್ಲ. ಮುಂಜಾನೆಗೆ ಐದು ಮನೆ ಮಾಡುತ್ತಿದ್ದವಳು ಮೂರಕ್ಕೆ ನಿಲ್ಲಿಸಿದೆ. ಅದೂ ಆತನ ಮಾತೇ. ಭಟ್ಟಿಗೂ ಆರಾಕ ಹೊತ್ತು ಬೇಕು ಅಂದಿದ್ದ.

ಒಂದು ದಿನ ನಮ್ಮ ಮನೆಗೂ ಬಂದ, ಒದ್ದೆ ಬಟ್ಟೆಯಲ್ಲಿ ಏನೋ ಸುತ್ತಿಕೊಂಡು. ಉಬ್ಬಿ ಬೆಚ್ಚಗಾದ ಹಿಟ್ಟಿನ ಉಂಡೆ. ಅದನ್ನು ಆಯಿಯ ಎರಡೂ ಅಂಗೈ ನಡುವೆ ಇಟ್ಟ.

“ಮೆಲ್ಲಕ ಒತ್ರಿ ಆಯೀ. ನೋವಾದ್ರ ಬಿಡ್ರಿ. ದಿನಾ ತರ್ತೀನಿ.”

ಆಯಿ ಒತ್ತಿದಳು. ಬೆರಳು ಬೆಚ್ಚಗಿನ ಹಿಟ್ಟಿನಲ್ಲಿ ಸ್ವಲ್ಪ ಇಳಿದವು. ನಾನು ಮಣಿಯ ವಿಷಯ, ಟೊಂಕದ ವಿಷಯ ಎಲ್ಲ ಹೇಳಿದೆ.

“ನನಗ ಯಾರೂ ಹೇಳ್ಲಿಲ್ಲ ನೋಡು ಮಗಾ,” ಅಂದಳು. “ಎಲ್ಲಾರೂ ಕೈ ಬಂಗಾರ ಅಂದ್ರು ಅಷ್ಟೇ.”

ಹದಿನೈದು ದಿನಕ್ಕೆ ಆಯಿ ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದಳು. ಕಾಲು ಭಾಗ ಚೆಲ್ಲಿತು. ನಾವಿಬ್ಬರೂ ಹಬ್ಬವೆಂಬಂತೆ ನಕ್ಕೆವು.

ನಲವತ್ತನೇ ದಿನ ಬಂದೇ ಬಂತು. ಕೌಶಲ್ಯಾಗೆ ಕಡೆಯ ನೀರು ಹಾಕಿ, ಕೈ ಒರೆಸಿಕೊಂಡು ಅಂಗಳಕ್ಕೆ ಬಂದೆ. ಆತ ಕಂಬಕ್ಕೆ ಒರಗಿ ಕೂತಿದ್ದ. ಬಿಳಿ ಬೊಟ್ಟು ಇನ್ನೂ ಅಲ್ಲೇ ಇತ್ತು. ಬಿದಿರ ಪಟ್ಟಿ ಬಿಚ್ಚಿ ಆತನ ಮುಂದಿಟ್ಟೆ.

“ತಗೋರಿ. ಈಗ ಕಟ್ಟದಿದ್ರೂ ಮುಂಗೈ ನೆಟ್ಟಗ ಇರ್ತದ.”

“ನಾಳಿಂದ ಬರಾಂಗಿಲ್ಲೇನು?”

“ನಿಮ್ಮ ಮನ್ಯಾಗ ಬಾಣಂತಿ ಇಲ್ಲಲ್ಲ.”

ಆತ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ. “ನೀವು ಇಲ್ಲೇ ಇದ್ರ ಆಗ್ತದಲ್ಲರಿ,” ಅಂದ. “ಒಂಬತ್ತಕ್ಕ ಮನೀಗಿ ಬರಾಕ ನನಗ ಈಗ ಒಂದೇ ಕಾರಣ ಅದ.”

ನನಗೆ ಹೂಂ ಅನ್ನುವ ಆಸೆ ಗಂಟಲವರೆಗೆ ಬಂದಿತ್ತು. ಆದರೆ ಕಿವಿ ದೊಡ್ಡವು, ನೀರಿಲ್ಲ ಅಂತ ಈತನಿಗೆ ಹೇಳಲು ಮನಸ್ಸಾಗಲಿಲ್ಲ. ಖರೇ ಮಾತನ್ನೇ ಹೇಳಿದೆ.

“ಹತ್ತು ವರ್ಷಕ್ಕ ನನ್ನ ಕೈ ಆಯಿ ಕೈ ಆದ್ರ?”

ಆತ ತನ್ನ ಬಲಗೈ ಮುಂದೆ ಚಾಚಿದ. “ನಾ ನಾದಾಕತ್ತಿ ಹನ್ನೊಂದು ವರ್ಷಾತು. ನೀವು ಕೈ ಬಲ್ಲೋರು, ನೀವೇ ನೋಡಿ ಹೇಳ್ರಿ.”

ಅದೇ ಮೊದಲು ಮುಟ್ಟಿದ್ದು. ಬೆರಳ ಬುಡ, ಅಂಗೈ ದಿಂಡು, ಭಟ್ಟಿ ಸುಟ್ಟ ಎರಡು ಹಳೆ ಕಲೆ, ಮುಂಗೈಯ ಸಣ್ಣ ಎಲುಬುಗಳು. ಒಂದೊಂದನ್ನೂ ಒತ್ತಿ ನೋಡಿದೆ. ಎಲ್ಲೂ ಊತವಿಲ್ಲ, ಬಿಗಿಯಿಲ್ಲ. ನೋಡುವುದು ಮುಗಿದಿತ್ತು. ಕೈ ಬಿಡಲಿಲ್ಲ.

“ಚಲೋ ಅದ,” ಅಂದೆ. “ಆದ್ರೂ, ನಂದು ಕೆಟ್ರ?”

“ಕೆಟ್ರ ನಾ ಉಣಸ್ತೀನಿ. ಪಾವು ನಂದು, ಕೈಯೂ ನಂದು, ಬಾಯಿ ಒಂದೇ ನಿಮ್ದು. ಅದು ಹೆಂಗೂ ಬೈಯಾಕ ತೆರದೇ ಇರ್ತದ.”

ನಕ್ಕೆ. ನಗುನಗುತ್ತಲೇ ಕಣ್ಣು ತುಂಬಿತು. ಎರಡು ವರ್ಷ ಎದೆಯ ಮೇಲೆ ಹೊತ್ತು ತಿರುಗಿದ್ದ ಹೆದರಿಕೆ ಇಳಿದೇ ಹೋಯಿತು. ನನಗೆ ಈತ ಬೇಕು, ಬೇಕೇ ಬೇಕು ಅನ್ನಿಸಿತು.

ಆತ ನನ್ನ ಕಣ್ಣು ನೋಡಿದ, ಉತ್ತರ ಸಿಕ್ಕಿತು. ಒಳಗಿನ ಕಡೆ ತಿರುಗಿ ಕೂಗಿದ.

“ಯವ್ವಾ, ನಮ್ಮ ಮನೀಗಿ ಮಣಿ ಬೇಕವ್ವಾ!”

ಒಳಗೆ ರೊಟ್ಟಿ ತಟ್ಟುವ ಸಪ್ಪಳ ಒಮ್ಮೆಗೇ ನಿಂತಿತು.

“ಯಾವ ಮಣಿ ಅಂತ ಈ ಸಲ ಸರೀ ಹೇಳಪಾ!” ಅಂದಳು ಚಂದ್ರಾಬಾಯಿ ಕಾಕು. “ನನಗ ಮತ್ತ ಆಕಿ ಮನೀ ಬಾಗ್ಲಿಗಿ ಹೋಗಾಕ ಹಚ್ಚಬ್ಯಾಡ!”

ಆತ ಬಾಯಿ ತೆರೆಯುವ ಮೊದಲೇ ನಾನು ಉತ್ತರ ಕೊಟ್ಟೆ.

“ಕಟಗೀದಲ್ರೀ, ಅತ್ತೀ.”